ಉಡಿಯೊಳಗಿನ ಕೊಬ್ಬರಿ

ನನ್ನ ಅಕ್ಕನ ಮನೆಗೆ ಹೋದವರಿಗೆ ಮೊದಲು ಅವಳು ಕಾಣುತ್ತಿರಲಿಲ್ಲ, ಕಿವಿಗೆ ಬೀಳುತ್ತಿದ್ದಳು. ಓಣಿಯ ತಿರುವಿನಲ್ಲೇ ಗಾಣದ ಕಿರುಗುಟ್ಟುವ ಸದ್ದು, ಕುಸುಬಿ ಎಣ್ಣೆಯ ವಾಸನೆ, ಅವೆರಡರ ಮೇಲೆ ಅವಳ ದನಿ. ಗಾಣದ ಹಲಗೆಯ ಮೇಲೆ ಕೂತು ಎತ್ತಿನ ಹಿಂದೆ ಸುತ್ತುತ್ತ, ಬಾಗಿಲಿಗೆ ಬಂದವರೊಡನೆ ಮಾತಾಡುತ್ತಿದ್ದಳು. ಒಂದು ಸುತ್ತಿಗೆ ಅರ್ಧ ಮಾತು, ಮುಂದಿನ ಸುತ್ತಿಗೆ ಉಳಿದರ್ಧ. "ಸೊಸಿ ಬಂದ್ಳೇನ ಯಕ್ಕಾ," ಎಂದು ಕೇಳಿ ಆ ಕಡೆ ಮರೆಯಾಗುವಳು. ತಿರುಗಿ ಬಂದು, "ರೊಟ್ಟಿ ಬಡೀತಾಳೋ, ನಿನ್ನ ಬಡೀತಾಳೋ?" ಎನ್ನುವಳು. ಎಣ್ಣೆಗೆ ಬಂದವರು ಪಾತ್ರೆ ತುಂಬಿದ ಮೇಲೂ ಇನ್ನೆರಡು ಸುತ್ತು ನಿಂತೇ ಇರುತ್ತಿದ್ದರು.

ಹೋದ ಶ್ರಾವಣದಲ್ಲಿ ಅವಳು ತೀರಿಕೊಂಡಳು. ಅವಳ ಹೆಸರು ಬರೆಯುವುದಿಲ್ಲ. ಊರಲ್ಲಿ ಅವಳನ್ನು ಹೆಸರು ಹಿಡಿದು ಕರೆದವರೂ ಇಲ್ಲ. ದೊಡ್ಡವರಿಗೂ ಸಣ್ಣವರಿಗೂ ಅವಳು ಗಾಣದಕ್ಕ. ನಾನು ಮೂರು ಇಯತ್ತೆ ಓದಿದವನು. ಅದೂ ನಿಜಾಮರ ಕಾಲದ ಉರ್ದು ಶಾಲೆಯಲ್ಲಿ. ಕನ್ನಡದ ಅಕ್ಷರ ಕಲಿತದ್ದು ನಮ್ಮೂರು ಅಳವಂಡಿಯ ಮಠದ ಜಗಲಿಯಲ್ಲಿ, ಮರಳಿನ ಮೇಲೆ. ನಾನು ಮೇಲೆ ಕೂತು ತಿದ್ದುವಾಗ ಅಕ್ಕ ಕೆಳಗೆ ಸಗಣಿ ಆರಿಸುವ ನೆವದಿಂದ ನಿಂತು ನೋಡುತ್ತಿದ್ದಳು. ಅಕ್ಷರ ನನಗಿಂತ ಮೊದಲು ಅವಳಿಗೆ ಬಂದವು. ಹೀಗಾಗಿ ಈ ಬರಹದಲ್ಲಿ ತಪ್ಪಿದ್ದರೆ ಅವಳು ಇದ್ದಿದ್ದರೆ ತಿದ್ದುತ್ತಿದ್ದಳು. ಆದರೆ ಇದರಲ್ಲಿ ನಾನು ಹೇಳಹೊರಟಿರುವುದು ಅಕ್ಷರದ ತಪ್ಪನ್ನಲ್ಲ.

ಅವಳ ಗಾಣದ ಎತ್ತಿಗೆ ತಾಸೀಲ್ದಾರ ಎಂದು ಹೆಸರು. ಯಾಕೆ ಎಂದು ಕೇಳಿದವರಿಗೆ, "ಕಣ್ಣ ಕಟಗೊಂಡ ಒಂದ ಜಾಗಾದಾಗ ತಿರಗತಾನ, ಇಡೀ ತಾಲೂಕ ಸುತ್ತಿ ಬಂದೀನಿ ಅನ್ಕೋತಾನ," ಎನ್ನುತ್ತಿದ್ದಳು. ಒಮ್ಮೆ ಯಲಬುರ್ಗಿಯ ಕಚೇರಿಯ ಜವಾನನೊಬ್ಬ ಎಣ್ಣೆಗೆ ಬಂದಿದ್ದ. ಒಳಗಿಂದ, "ಏ ತಾಸೀಲ್ದಾರ, ತೂಕಡಿಸಬ್ಯಾಡ, ನಡಿ," ಎಂಬ ಕೂಗು ಕೇಳಿ ಅವನು ಚಪ್ಪಲಿ ಬಿಟ್ಟು ಕೈಕಟ್ಟಿ ನಿಂತುಬಿಟ್ಟ. ಒಳಗಿದ್ದುದು ಎತ್ತು ಎಂದು ಗೊತ್ತಾದ ಮೇಲೆ ಅವನಿಗೆ ಅವಮಾನವಾಯಿತು. ಸಾಹೇಬರಿಗೆ ಹೇಳುತ್ತೇನೆ ಎಂದು ಹೆದರಿಸಿದ. ಅಕ್ಕ ಒಂದು ಸುತ್ತು ಹೋಗಿ ಬಂದು ಹೇಳಿದಳು: "ಹೇಳ್ರಿ. ಅವರಿಗೆ ಸಿಟ್ಟ ಬಂದ್ರ ಹೆಸರ ಬದಲ ಮಾಡೋಣು. ಎತ್ತನ್ನೂ ಒಂದ ಮಾತ ಕೇಳಬೇಕ್ರಿ ಮತ್ತ." ಜವಾನ ನಕ್ಕು ಎಣ್ಣೆ ತೆಗೆದುಕೊಂಡು ಹೋದ. ಮುಂದೆ ಎಷ್ಟೋ ವರ್ಷ ಅವನು ಬೇರೆ ಗಾಣಕ್ಕೆ ಹೋಗಲಿಲ್ಲ.

ಇಷ್ಟು ನಗುವವಳ ಬಾಳು ನಗುವಂಥದ್ದಾಗಿರಲಿಲ್ಲ. ಒಂಬತ್ತು ವರ್ಷಕ್ಕೆ ಮದುವೆ ಮಾಡಿದ್ದರು. ಗಂಡನ ಮನೆಗೆ ಕಳಿಸುವ ಮೊದಲೇ ಆ ಹುಡುಗ ಜ್ವರದಿಂದ ಹೋದ. ಅವನ ಬಗ್ಗೆ ಕೇಳಿದರೆ, "ಮುಖ ನೆನಪಿಲ್ಲ. ಮೂಗಿನ ಕೆಳಗ ಬೆಲ್ಲ ಹತ್ತಿತ್ತು, ಅದಷ್ಟ ಗೊತ್ತು," ಎನ್ನುತ್ತಿದ್ದಳು. ಆ ಬೆಲ್ಲದ ಮೂತಿಯ ಹುಡುಗನ ಹೆಸರಿನಲ್ಲಿ ಹನ್ನೊಂದು ವರ್ಷ ಬರಿಗೈಯಲ್ಲಿ ಬರಿಹಣೆಯಲ್ಲಿ ನಮ್ಮ ಮನೆಯಲ್ಲೇ ಇದ್ದಳು. ಅಪ್ಪ ತೀರಿದ ಮೇಲೆ ಅವ್ವ ಗಟ್ಟಿಯಾದಳು. ಯಲಬುರ್ಗಿಯಾಚೆ, ಕುಷ್ಟಗಿಯ ದಾರಿಯ ಹಳ್ಳಿಯೊಂದರಲ್ಲಿ ಹೆಂಡತಿ ತೀರಿದ ಒಬ್ಬ ಗಾಣದವನಿದ್ದ. ಅವನಿಗೆ ಅಕ್ಕನನ್ನು ಉಡಕಿ ಮಾಡಿ ಕೊಟ್ಟಳು.

ಉಡಕಿಯೆಂದರೆ ಮದುವೆಯೇ. ಆದರೆ ವಾಲಗವಿಲ್ಲ, ಹಂದರವಿಲ್ಲ, ಅರಿಷಿಣವಿಲ್ಲ. ಸೀರೆ ಉಡಿಸುವುದು, ನಾಲ್ಕು ಹಿರಿಯರ ಮುಂದೆ ಕೈಹಿಡಿಸಿ ಕಳಿಸುವುದು. ಆ ಹೆಂಗಸು ಮುಂದೆ ಕುಂಕುಮ ಹಚ್ಚಬಹುದು, ಬಳೆ ತೊಡಬಹುದು, ಸಂಸಾರ ಮಾಡಬಹುದು, ಮಕ್ಕಳನ್ನು ಹೆರಬಹುದು. ಆದರೆ ಮಂಗಳಕಾರ್ಯಗಳಲ್ಲಿ ಆರತಿ ಹಿಡಿಯಲು ಕರೆಯುತ್ತಿರಲಿಲ್ಲ. ಮುತ್ತೈದೆಯರ ಸಾಲಿನಲ್ಲಿ ಕೂಡಿಸಿ, ಸೆರಗಿಗೆ ಅಕ್ಕಿ ಕೊಬ್ಬರಿ ಹಾಕಿ ಉಡಿ ತುಂಬುತ್ತಿರಲಿಲ್ಲ. ನಮ್ಮ ಕಡೆ ಆಗ ಹಾಗಿತ್ತು. ಅಕ್ಕ ಅದಕ್ಕೂ ನಗುತ್ತಿದ್ದಳು: "ಛಲೋ ಆತು ಬಿಡು. ಮಂದಿ ಆರತಿ ಹಿಡಕೊಂಡ ನಿಂತಾಗ ನಾ ಮೊದಲನೇ ಪಂಕ್ತಿಗೆ ಕುಂದರತೀನಿ."

ಅವಳ ಗಂಡನನ್ನು ನಾನು ಮಾವ ಎನ್ನುತ್ತಿದ್ದೆ. ಎತ್ತರದ, ಮೆತ್ತನೆಯ ಮನುಷ್ಯ. ಒಂದು ಮಾತು ಆಡಿ ಮುಂದಿನದು ಎಲ್ಲಿಟ್ಟೆನೆಂದು ಹುಡುಕುವವನಂತೆ ನಿಂತುಬಿಡುತ್ತಿದ್ದ. "ಇಬ್ಬರ ಮಾತೂ ನಾನ ಆಡ್ತೀನಿ, ಇಬ್ಬರ ಪರವಾಗಿ ಆತ ಸುಮ್ಮನ ಇರ್ತಾನ," ಎಂದು ಅಕ್ಕ ಹೇಳುತ್ತಿದ್ದಳು. ಅವನು ತಲೆತಗ್ಗಿಸಿ ನಗುತ್ತಿದ್ದ. ಗಾಣದ ಹಲಗೆಯ ಮೇಲೆ ಅವಳಿಗೆಂದು ಕಂಬಳಿ ಮಡಿಸಿ ಹಾಸಿದವನು ಅವನೇ.

ಎರಡು ವರ್ಷಕ್ಕೆ ಅಕ್ಕ ಬಸುರಾದಳು. ಅದೇ ಸಮಯಕ್ಕೆ ನನ್ನ ಹೆಂಡತಿಯೂ ಬಸುರಾಗಿದ್ದಳು. ಇಬ್ಬರ ನಡುವೆ ಎರಡೇ ವಾರದ ಅಂತರ. ನನ್ನ ಹೆಂಡತಿಗೆ ಅದು ಎರಡನೆಯದು. ಮೊದಲನೆಯದು ಐದು ತಿಂಗಳಿಗೆ ಹೋಗಿತ್ತು. ಆ ಭಯ ನಮ್ಮ ಮನೆಯಲ್ಲಿ ಗೋಡೆಯ ಗೂಟಕ್ಕೆ ನೇತುಹಾಕಿದ ಹಾಗೆ ಇತ್ತು. ಯಾರೂ ಮಾತಾಡುತ್ತಿರಲಿಲ್ಲ, ಎಲ್ಲರಿಗೂ ಕಾಣುತ್ತಿತ್ತು.

ಬಸುರಿಗೆ ಏಳು ತಿಂಗಳಾದಾಗ ತವರಿನಿಂದ ಕುಬಸ ಒಯ್ಯುವುದು ನಮ್ಮ ಪದ್ಧತಿ. ಹಸಿರು ಸೀರೆ, ಖಣ, ಹಸಿರು ಬಳೆ, ಜೊತೆಗೆ ಉಡಿ ತುಂಬುವ ಸಾಮಾನು. ಉಡಕಿಯಾದವಳಿಗೆ ಉಡಿ ಯಾಕೆ, ಸೀರೆಯಷ್ಟೇ ಸಾಕು ಎಂದು ಓಣಿಯ ಹಿರಿಯರು ಅವ್ವನಿಗೆ ಹೇಳಿದರು. ಅವ್ವ ಬಾಗಿಲಲ್ಲಿ ನಿಂತು ಅಂದಳು: "ಹೊಟ್ಟಿಯಾಗಿರೂ ಕೂಸಿಗೆ ಉಡಕಿ ಮಾಡಿದ್ದು ಗೊತ್ತಿಲ್ಲ. ನಾ ತುಂಬತೀನಿ." ಅವಳ ಮೊಣಕಾಲು ಊದಿತ್ತು, ನಡೆಯಲಾಗುತ್ತಿರಲಿಲ್ಲ. ಹೀಗಾಗಿ ನಾನು ಒಯ್ಯಬೇಕಾಯಿತು. ಅವ್ವ ಕೂತಲ್ಲೇ ಇಳಕಲ್ಲಿನ ಹಸಿರು ಸೀರೆಯ ಮಡಿಕೆಯೊಳಗೆ ಒಂದೊಂದನ್ನೇ ಇಟ್ಟು ಕಟ್ಟಿದಳು. ಎರಡು ಕೊಬ್ಬರಿ ಬಟ್ಟಲು, ಐದು ಉತ್ತತ್ತಿ, ಅರಿಷಿಣದ ಕೊಂಬು, ಅಡಿಕೆ, ಒಂದು ಅಚ್ಚು ಬೆಲ್ಲ, ಐದು ಹಿಡಿ ಅಕ್ಕಿ. ನಮ್ಮದು ಜೋಳದ ಸೀಮೆ. ಅಕ್ಕಿಯೆಂದರೆ ಹಬ್ಬಕ್ಕೆ, ದೇವರಿಗೆ. ಆ ಐದು ಹಿಡಿಯನ್ನು ಅವ್ವ ಯುಗಾದಿಯಿಂದ ಎತ್ತಿಟ್ಟಿದ್ದಳು.

ನನ್ನ ಅತ್ತೆ, ಹೆಂಡತಿಯ ತಾಯಿ, ಮಗಳ ಕುಬಸಕ್ಕೆಂದು ಗಿಣಿಗೇರಿಯಿಂದ ಬಂದಿದ್ದಳು. ನಾನು ಹೊರಡುವಾಗ ಹಿತ್ತಲಿಗೆ ಕರೆದು ಅಂದಳು: "ನೋಡಪಾ, ಉಡಕಿ ಆದಾಕಿಗೆ ಉಡಿ ಒಯ್ದ ಕೈಲೆ ಬಂದು ನನ್ನ ಮಗಳ ಉಡಿ ಮುಟ್ಟಬ್ಯಾಡ. ಒಮ್ಮೆ ಹೋಗೇತಿ. ಇನ್ನೊಮ್ಮೆ ಹೋದ್ರ ಆಕಿ ಉಳಿಯಾಂಗಿಲ್ಲ."

ಅವಳು ಅಷ್ಟೇ ಅಂದಳು. ಬಿಚ್ಚು ಎನ್ನಲಿಲ್ಲ, ತೆಗೆ ಎನ್ನಲಿಲ್ಲ. ಅದನ್ನು ಮಾಡಿದ್ದು ನಾನು. ಕುಕನೂರು ದಾಟಿದ ಮೇಲೆ ಒಂದು ಬೇವಿನ ಮರದ ನೆರಳಿಗೆ ಕೂತೆ. ಗಂಟು ತೊಡೆಯ ಮೇಲಿತ್ತು. ನನ್ನ ಹೆಂಡತಿಯ ಹಳದಿ ಮುಖ ಕಣ್ಣ ಮುಂದೆ ಬಂತು. ಗಂಟು ಬಿಚ್ಚಿದೆ. ಅರಿಷಿಣದ ಕೊಂಬುಗಳನ್ನು ಹೊಲದ ಬದುವಿನಲ್ಲಿ ಹೂತೆ. ಅಡಿಕೆಯನ್ನು ದಾರಿಯಲ್ಲಿ ಬಂದ ಒಬ್ಬ ಮುದುಕನಿಗೆ ಕೊಟ್ಟೆ. ಕೊಬ್ಬರಿ, ಬೆಲ್ಲ, ಉತ್ತತ್ತಿ ಉಳಿದವು. ಎಸೆಯಲು ಮನಸ್ಸಾಗಲಿಲ್ಲ. ಬೆಳಗಿನಿಂದ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ. ತಿಂದೆ. ಒಂದು ತುಂಡು ತಿಂದ ಮೇಲೆ ರುಚಿ ಹತ್ತಿತು, ಎರಡೂ ಬಟ್ಟಲನ್ನು ತಿಂದೆ. ಹೆದರಿ ಗಂಟು ಬಿಚ್ಚಿದವನು ರುಚಿ ನೋಡುತ್ತ ತಿಂದೆ ಎನ್ನುವುದು ಇವತ್ತಿಗೂ ನನ್ನನ್ನು ಚುಚ್ಚುತ್ತದೆ. ಅಕ್ಕಿಯನ್ನು ಏನು ಮಾಡಿದೆನೆಂಬುದನ್ನು ಇಲ್ಲಿ ಬರೆಯಲು ಕೈ ಬರುತ್ತಿಲ್ಲ. ಕೊನೆಗೆ ಬರೆಯುತ್ತೇನೆ.

ನಾನು ಹೋದಾಗ ಅಕ್ಕ ಹಲಗೆಯ ಮೇಲಿದ್ದಳು. ನನ್ನನ್ನು ಕಂಡು ತಾಸೀಲ್ದಾರನನ್ನು ನಿಲ್ಲಿಸಿ, ಹೊಟ್ಟೆ ಹಿಡಿದುಕೊಂಡು ಇಳಿದಳು. ಎಣ್ಣೆಯ ಕೈಯನ್ನು ಸೆರಗಿಗೆ ಒರೆಸಿ, ಮತ್ತೆ ನೀರಿನಲ್ಲಿ ತೊಳೆದು, ಗಂಟು ತೆಗೆದುಕೊಂಡಳು. ಗೋಡೆಯತ್ತ ತಿರುಗಿ ಬಿಚ್ಚಿದಳು. ಬಳೆ ನೋಡಿದಳು, ಖಣ ನೋಡಿದಳು. ಸೀರೆಯ ಒಂದು ಮಡಿಕೆ ಬಿಡಿಸಿದಳು, ಇನ್ನೊಂದು ಬಿಡಿಸಿದಳು. ಪೂರ್ತಿ ಬಿಡಿಸಿ ಒಮ್ಮೆ ಕೊಡವಿ ನೆಲ ನೋಡಿದಳು. ಏನೂ ಬೀಳಲಿಲ್ಲ.

"ಅವ್ವ ಏನರ ಅಂದ್ಳೇನು?"

"ಏನಿಲ್ಲ. ಆರಾಮ ಇರು ಅಂದ್ಳು."

"ಆತು," ಎಂದು ಸೀರೆ ಮಡಿಸಿಟ್ಟಳು. ನನಗೆ ರೊಟ್ಟಿ, ಪುಂಡಿಪಲ್ಯೆ, ಶೇಂಗಾ ಹಿಂಡಿ ಹಾಕಿ ಉಣ್ಣಿಸಿದಳು. ಉಣ್ಣುವಾಗ ಒಂದೂ ತಮಾಷೆಯ ಮಾತು ಬರಲಿಲ್ಲ. ಸದ್ಯ ಏನೂ ಕೇಳಲಿಲ್ಲವಲ್ಲ ಎಂದು ನನಗೆ ಸಮಾಧಾನವಾಯಿತು. ಊರಿಗೆ ಬಂದು ಅವ್ವನಿಗೆ, "ಮುಟ್ಟಸೀನಿ," ಎಂದೆ.

ಮೂರು ವಾರ ಕಳೆದಿರಬೇಕು. ಒಂದು ಮಧ್ಯಾಹ್ನ ಮಾವ ಬಂಡಿ ಹೊಡೆದುಕೊಂಡು ಬಂದ. ಬಂಡಿಯಲ್ಲಿ ಮಾರಲು ತಂದ, ಎಣ್ಣೆ ತೆಗೆದುಳಿದ ಗಾಣದ ಹಿಂಡಿಯ ಚೀಲಗಳಿದ್ದವು. ಕಟ್ಟೆಯ ಮೇಲೆ ಕೂತು ನೀರು ಕುಡಿದ. ತುಂಬ ಹೊತ್ತು ಪೇಟದ ತುದಿ ಹೊಸೆದ. ಆಮೇಲೆ ಅವ್ವನಿಗೆ, "ಎತ್ತ ನಡಿವಲ್ದ್ರಿ," ಎಂದ.

"ಯಾವ ಎತ್ತೋ?"

"ಗಾಣದ್ದ್ರಿ. ನಾ ಹೊಡದ್ರ ನಿಂದರತೈತ್ರಿ. ಆಕಿ ದನಿ ಕೇಳಿದ್ರ ನಡೀತಿತ್ತು."

"ಆಕಿಗೇನಾಗೇತಿ?"

ಅವನು ಹುಡುಕಿ ಹುಡುಕಿ ಒಂದೊಂದೇ ಮಾತು ತೆಗೆದ. ಅಕ್ಕ ಮಾತು ಬಿಟ್ಟಿದ್ದಾಳೆ. ಕೊಟ್ಟರೆ ಉಣ್ಣುತ್ತಾಳೆ, ಕೊಡದಿದ್ದರೆ ಇಲ್ಲ. ತಲೆ ಬಾಚುವುದಿಲ್ಲ. ಗಾಣದ ಹಿಂದಿನ ಗೋಡೆಗೆ ಮುಖ ಮಾಡಿ ಕೂತಿರುತ್ತಾಳೆ. ಒಮ್ಮೆ ಮಾತ್ರ ಅವನನ್ನು ಕೇಳಿದ್ದಳಂತೆ: "ಮೊದಲ ಒಬ್ಬನ ಹೆಂಡತಿ ಇದ್ನಿ, ಆಮ್ಯಾಲೆ ಮುಂಡಿ ಇದ್ನಿ. ಈಗ ನಾ ಯಾರು? ಹೊಟ್ಟಿಯಾಗಿಂದು ಹೊರಗ ಬಂದ ಕೇಳಿದ್ರ ಏನ ಹೇಳ್ಲಿ?" ಅವನು ಎರಡು ದಿನ ಯೋಚಿಸಿ, "ನನ್ನ ಹೆಂಡತಿ," ಎಂದು ಹೇಳಲು ಹೋದಾಗ ಅವಳು ಕೇಳಿಸಿಕೊಳ್ಳಲಿಲ್ಲ.

ಊರವರು ಗಾಳಿ ಸೋಕಿದೆ ಎಂದರಂತೆ. ಒಬ್ಬರು ತಾಯಿತ ಎಂದರು, ಒಬ್ಬರು ಬೇವಿನ ಸೊಪ್ಪು ಎಂದರು. ಆ ಊರಿನ ಸೂಲಗಿತ್ತಿ ಒಬ್ಬ ಮುಸಲ್ಮಾನ ಮುದುಕಿ. ಎಲ್ಲರೂ ಅವಳನ್ನು ಬೂಬವ್ವ ಎನ್ನುತ್ತಿದ್ದರು. ಅವಳು ಬಂದು ಅಕ್ಕನ ಹೊಟ್ಟೆ ಮುಟ್ಟಿ ನೋಡಿ, ಮುಖ ನೋಡಿ, ಉಡದೆ ಪೆಟ್ಟಿಗೆಯ ಮೇಲೆ ಇಟ್ಟಿದ್ದ ಹಸಿರು ಸೀರೆಯನ್ನೂ ನೋಡಿ ಮಾವನಿಗೆ ಹೇಳಿದಳಂತೆ: "ಕೂಸ ಛಲೋ ಅದ. ಗಾಳಿನೂ ಇಲ್ಲ, ಗೀಳಿನೂ ಇಲ್ಲ. ಇದು ತವರಿನ ಬ್ಯಾನಿ. ಖಾಲಿ ಕೂತೀ ಯಾಕ, ಜಲ್ದಿ ಹೋಗಿ ಆಕಿ ಅಮ್ಮಾನ್ನ ಕರಕೊಂಡ ಬಾ."

ಅವ್ವ ನನ್ನತ್ತ ನೋಡಿದಳು. ನಾನು ಹಿಂಡಿಯ ಚೀಲ ಎಣಿಸುವವನಂತೆ ಬಂಡಿಯತ್ತ ತಿರುಗಿದೆ. ನನಗೆ ಗೊತ್ತಾಗಿತ್ತು. ಉಡಿಯಿಲ್ಲದ ಸೀರೆಯನ್ನು ಅವ್ವನೇ ಕಳಿಸಿದಳು ಎಂದು ಅಕ್ಕ ತಿಳಿದಿದ್ದಳು. ಊರು ಏನೇ ಅನ್ನಲಿ, ಇಷ್ಟು ದಿನ ನಗುತ್ತ ನಿಂತಿದ್ದು ಅವ್ವ ತನ್ನ ಕಡೆ ಇದ್ದಾಳೆ ಎಂಬ ಒಂದೇ ಧೈರ್ಯದಿಂದ. ಅದನ್ನು ನಾನು ಬೇವಿನ ಮರದ ಕೆಳಗೆ ಬೆಲ್ಲದ ಜೊತೆ ತಿಂದುಬಿಟ್ಟಿದ್ದೆ. ಆಗ ಬಾಯಿ ಬಿಟ್ಟಿದ್ದರೆ ಸಾಕಿತ್ತು. ಒಂದು ಮಾತು. ಬಿಡಲಿಲ್ಲ. ಒಳಗೆ ನನ್ನ ಹೆಂಡತಿ ಹಸಿರು ಬಳೆ ತೊಟ್ಟು ಚೆನ್ನಾಗಿದ್ದಳು, ಅತ್ತೆ ಅವಳ ತಲೆಗೆ ಎಣ್ಣೆ ಹಚ್ಚುತ್ತಿದ್ದಳು. ಅವಳಿಗೇನೂ ಆಗಿಲ್ಲವಲ್ಲ, ನಾನು ಮಾಡಿದ್ದೇ ಸರಿಯಿರಬಹುದು ಎಂದುಕೊಂಡೆ. ಹೇಡಿಗೆ ಇಂಥ ಲೆಕ್ಕ ಬೇಗ ಸಿಗುತ್ತದೆ.

ಅವ್ವ, "ನನ್ನ ಬಂಡ್ಯಾಗ ಹಾಕ್ರಿ," ಎಂದಳು. ಹಿಂಡಿಯ ಚೀಲ ಕೆಲವು ಇಳಿಸಿ, ಉಳಿದವುಗಳ ಮೇಲೆ ಕೌದಿ ಹಾಸಿ ಅವಳನ್ನು ಕೂಡಿಸಿದೆವು. ದಾರಿಯುದ್ದಕ್ಕೂ ಹೇಳಬೇಕೆಂದು ಮೂರು ಸಲ ಬಾಯಿ ತೆರೆದೆ. ಮೊದಲ ಸಲ ಅವ್ವ, "ಈ ಹಿಂಡಿ ಎಷ್ಟ ಘಮ್ಮಂತೈತಿ, ನಾನ ತಿಂದೇನು," ಎಂದಳು. ಎರಡನೆಯ ಸಲ ಬಂಡಿ ಕಲ್ಲು ಹತ್ತಿತು. ಮೂರನೆಯ ಸಲ ಆ ಬೇವಿನ ಮರ ಬಂತು. ನಾನು ಅದಕ್ಕೆ ಬೆನ್ನು ಮಾಡಿ ಕೂತೆ.

ಮನೆಯ ಮುಂದೆ ಮಾವ ಅವ್ವನನ್ನು ಚೀಲದ ಹಾಗೆ ಎರಡೂ ಕೈಯಲ್ಲಿ ಎತ್ತಿ ಇಳಿಸಿದ. "ನನ್ನ ಲಗ್ನದಾಗೂ ಯಾರೂ ಹಿಂಗ ಎತ್ತಿದ್ದಿಲ್ಲ," ಎಂದಳು ಅವ್ವ. ಒಳಗೆ ಅಕ್ಕ ಗೋಡೆಯತ್ತ ಮುಖ ಮಾಡಿ ಕೂತಿದ್ದಳು. ತಿರುಗಿ ನೋಡಲಿಲ್ಲ. ತಾಸೀಲ್ದಾರ ನೊಗ ಹೊತ್ತು, ಕಣ್ಣಿಗೆ ಬಟ್ಟೆ ಕಟ್ಟಿಸಿಕೊಂಡು, ಗಾಣದಲ್ಲಿ ಸುಮ್ಮನೆ ನಿಂತಿದ್ದ.

ಅವ್ವ ಅವಳ ಹಿಂದೆ ಕುಂಟುತ್ತ ಹೋಗಿ ಕೂತಳು. "ಏನ ತಲಿ ಇದು, ಗುಬ್ಬಿ ಗೂಡ ಕಟ್ಟಿದ್ರೂ ಗೊತ್ತಾಗಂಗಿಲ್ಲ. ಹಣಿಗಿ ಎಲ್ಲೈತಿ?" ಎಂದು ತನ್ನ ಚೀಲದಿಂದಲೇ ಹಣಿಗೆ ತೆಗೆದು ಬಾಚತೊಡಗಿದಳು. ಅಕ್ಕ ಬಾಚಿಸಿಕೊಂಡಳು. ನಾನು ಬಾಗಿಲಿಗೆ ಒರಗಿ ನಿಂತಿದ್ದೆ.

ಸಿಕ್ಕು ಬಿಡಿಸುತ್ತ ಅವ್ವ ತನ್ನಷ್ಟಕ್ಕೆ ಎಂಬಂತೆ ಕೇಳಿದಳು: "ಉಡ್ಯಾಗಿನ ಕೊಬ್ಬರಿ ತಿಂದೇನಬೇ? ಎರಡೂ ಬಟ್ಟಲಾ ಆರಿಸಿ ಇಟ್ಟಿದ್ನಿ. ನಿನ್ನ ತಮ್ಮನ ಹೇಣ್ತಿ ಬಯಸಿ ಕೇಳಿದ್ಳು, ಆಕಿಗೂ ಕೊಟ್ಟಿದ್ದಿಲ್ಲ."

ಅಕ್ಕನ ತಲೆ ಹಣಿಗೆಯ ಕೆಳಗೆ ಅಲುಗಾಡದೆ ನಿಂತಿತು. ಆಮೇಲೆ ನಿಧಾನವಾಗಿ ತಿರುಗಿತು.

"ಎಷ್ಟ ಬಟ್ಟಲ ಅಂದಿ?"

ಅವಳ ದನಿ ಒಣಗಿಹೋಗಿತ್ತು. ಮಾವ ಅಲ್ಲೇ ಕುಸಿದು ಕೂತ.

"ಎರಡು."

"ಉತ್ತತ್ತಿ?"

"ಐದು. ಯಾಕ, ಕಡಿಮಿ ಬಿದ್ದಿದ್ವೇನು?"

"ಅಕ್ಕಿನೂ ಹಾಕಿದ್ದಿ?"

"ಅಕ್ಕಿ ಇಲ್ಲದ ಉಡಿ ಎಲ್ಲೈತಿ? ಐದ ಹಿಡಿ, ನನ್ನ ಕೈಲೆ ಹಾಕೀನಿ."

ಅಕ್ಕ ಅವ್ವನ ಮುಖ ನೋಡಿದಳು. ಅವ್ವನ ಭುಜದ ಮೇಲಿಂದ ನನ್ನನ್ನು ನೋಡಿದಳು. ನಾನು ಎತ್ತನ್ನು ನೋಡಿದೆ. ಎತ್ತಿಗಾದರೂ ಕಣ್ಣು ಕಟ್ಟಿತ್ತು.

ಅಲ್ಲಿಗೆ ನನ್ನ ಜನ್ಮ ಮುಗಿಯಿತು ಎಂದುಕೊಂಡೆ. ಅವಳು ಒಂದು ಮಾತು ಆಡಿದ್ದರೆ ಅವ್ವ ನನ್ನ ಮುಖ ನೋಡುತ್ತಿರಲಿಲ್ಲ. ಅಕ್ಕ ಮತ್ತೆ ಅವ್ವನತ್ತ ತಿರುಗಿದಳು. ತುಟಿ ನಡುಗುತ್ತಿತ್ತು. ಅಳುತ್ತಾಳೆ ಎಂದುಕೊಂಡೆ.

"ತಿಂದ್ನಬೇ," ಎಂದಳು. "ಒಂದ ತುಣಕ ಬಿಡಲಿಲ್ಲ. ಭಾಳ ರುಚಿ ಇದ್ದಿರಬೇಕು... ಇತ್ತು, ಭಾಳ ರುಚಿ ಇತ್ತು."

ಹೇಳಿದವಳೇ ನಕ್ಕಳು. ಮೊದಲು ಕೆಮ್ಮಿನ ಹಾಗೆ ಸಣ್ಣಗೆ, ಆಮೇಲೆ ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಸುರಿಯುವ ಹಾಗೆ. ಏನೂ ತಿಳಿಯದ ಅವ್ವನೂ ನಕ್ಕಳು. "ಸಾವಕಾಶ, ಕೂಸ ಹೊರಗ ಬಂದೀತು," ಎಂದಳು. ಆ ನಗು ಕೇಳಿದ್ದೇ ತಾಸೀಲ್ದಾರ ಕಿವಿ ನಿಮಿರಿಸಿದ. ಯಾರೂ ಹೊಡೆಯದೆ, ಯಾರೂ ಹೇಳದೆ, ಒಂದು ಹೆಜ್ಜೆ ಇಟ್ಟ. ಇನ್ನೊಂದು ಇಟ್ಟ. ಗಾಣ ಕಿರ್ರೆಂದಿತು. ಮಾವ ಎದ್ದು ನಿಂತು, ಯಾರಿಗೆ ಹೇಳಬೇಕೆಂದು ತಿಳಿಯದೆ, ನನಗೆ ಹೇಳಿದ: "ನಡದ್ತ ನೋಡಪಾ. ಎತ್ತ ನಡದ್ತು."

ಅಂದೇ ಅವಳು ಹಸಿರು ಸೀರೆ ಉಟ್ಟಳು. ಬೂಬವ್ವ ಬಂದು ಬಳೆ ತೊಡಿಸಿದಳು. ಹೆಬ್ಬೆರಳು ಒತ್ತಿ ಒತ್ತಿ ಒಂದೂ ಒಡೆಯದ ಹಾಗೆ ಏರಿಸಿ, "ಗಂಡು," ಎಂದಳು. ಗಂಡೇ ಹುಟ್ಟಿತು. ಎರಡು ವಾರಕ್ಕೆ ನಮ್ಮ ಮನೆಯಲ್ಲಿ ಹೆಣ್ಣು. ತಾಯಂದಿರೂ ಕೂಸುಗಳೂ ಸುಖವಾಗಿದ್ದರು.

ಅಕ್ಕ ನನ್ನನ್ನು ಬೈಯಲಿಲ್ಲ. ಯಾಕೆ ಮಾಡಿದೆ ಎಂದು ಕೇಳಲೂ ಇಲ್ಲ. ಬೇರೆ ಶಿಕ್ಷೆ ಕೊಟ್ಟಳು. ಅವಳ ಮಗನ ತೊಟ್ಟಿಲ ಶಾಸ್ತ್ರಕ್ಕೆ ಹೋದಾಗ ಎಲ್ಲರಿಗೂ ಕಡುಬು, ಹೋಳಿಗೆ ಬಡಿಸಿ, ನನ್ನ ತಟ್ಟೆಗೆ ಮಾತ್ರ ದೊಡ್ಡದೊಂದು ಕೊಬ್ಬರಿ ಬಟ್ಟಲು ತಂದಿಟ್ಟಳು. "ನನ್ನ ತಮ್ಮಗ ಕೊಬ್ಬರಿ ಅಂದ್ರ ಜೀವರಿ," ಎಂದು ಪಂಕ್ತಿಗೆಲ್ಲ ಕೇಳುವ ಹಾಗೆ ಹೇಳಿದಳು. ತಿಂದೆ. ಅಲ್ಲಿಂದ ಅದು ಸುತ್ತಲಿನ ಊರಿಗೆಲ್ಲ ಹಬ್ಬಿತು. ಬೀಗರ ಮನೆಗೆ ಹೋದರೆ ಕೊಬ್ಬರಿ, ಮದುವೆಗೆ ಹೋದರೆ ಕೊಬ್ಬರಿ. ನನ್ನ ಅತ್ತೆ ಗಿಣಿಗೇರಿಯಿಂದ ಚೀಲದಲ್ಲಿ ಕೊಬ್ಬರಿ ಕಳಿಸುತ್ತಿದ್ದಳು, ಅಳಿಯನಿಗೆ ಇಷ್ಟವೆಂದು. ಆ ಬೇವಿನ ಮರದ ದಿನದಿಂದ ನನಗೆ ಕೊಬ್ಬರಿಯ ವಾಸನೆ ಆಗುತ್ತಿರಲಿಲ್ಲ. ಆದರೂ ಒಂದು ತುಂಡು ಬಿಡದೆ ತಿಂದಿದ್ದೇನೆ. ಅಕ್ಕ ಎದುರಿಗೆ ಕೂತು, ಗಲ್ಲಕ್ಕೆ ಕೈ ಹಚ್ಚಿ, ಬಹಳ ಪ್ರೀತಿಯಿಂದ ನೋಡುತ್ತಿದ್ದಳು.

ನಿಜಾಮರ ಆಳಿಕೆಯ ಕೊನೆಯ ಗದ್ದಲದ ದಿನಗಳಲ್ಲಿ ಅವಳ ಸಂಸಾರ ಕೆಲವು ತಿಂಗಳು ನಮ್ಮ ಮನೆಗೆ ಬಂದಿತ್ತು. ದಾರಿಯಲ್ಲಿ ಏನು ಕಾಣುತ್ತದೋ ಎಂಬ ಭಯದಲ್ಲಿ ಜನ ಪಾತ್ರೆ ಪಡಗ ಬಿಟ್ಟು ಬರುತ್ತಿದ್ದ ಕಾಲ. ಬಂಡಿಯಿಂದ ಇಳಿದ ಅಕ್ಕನ ಒಂದು ಕಂಕುಳಲ್ಲಿ ಚಿಕ್ಕ ಕೂಸು, ಇನ್ನೊಂದು ಕೈಯಲ್ಲಿ ಎಣ್ಣೆಯ ಗಡಿಗೆ. ಇಳಿದವಳೇ ನಡುವಿಗೆ ಸಿಕ್ಕಿಸಿದ್ದ ಗಂಟು ಬಿಚ್ಚಿ ಕೊಬ್ಬರಿಯ ಒಂದು ತುಂಡು ನನ್ನ ಕೈಗೆ ಹಾಕಿದಳು. "ಎಲ್ಲಾ ಬಿಟ್ಟ ಬಂದ್ನಿ, ನಿನ್ನ ಮಾತ್ರ ಮರೀಲಿಲ್ಲ ನೋಡು." ಹೆದರಿ ಬಂದಿದ್ದ ಅವಳ ಮಕ್ಕಳು ಯಾಕೆಂದು ತಿಳಿಯದೆ ನಕ್ಕರು.

ಅವ್ವ ಕೊನೆಯವರೆಗೂ ನಿಜ ತಿಳಿಯದೆ ಹೋದಳು. ನಾನು ಕ್ಷಮಿಸು ಎಂದು ಅಕ್ಕನನ್ನು ಕೇಳಲಿಲ್ಲ. ಪ್ರತಿ ಸಲ ಕೇಳಬೇಕೆಂದು ಹೋಗುತ್ತಿದ್ದೆ. ಅವಳು ಬಾಯಿಗೆ ಕೊಬ್ಬರಿ ತುರುಕುತ್ತಿದ್ದಳು.

ಹೋದ ವರ್ಷ ನೋಡಲು ಹೋದಾಗ ಅವಳ ಕಣ್ಣು ಮಂಜಾಗಿದ್ದವು. ಗಾಣ ನಿಂತು ಬಹಳ ವರ್ಷವಾಗಿತ್ತು. ಹಳೆಯ ಹಲಗೆಯನ್ನೇ ಕಟ್ಟೆಯ ಮೇಲೆ ಹಾಕಿಕೊಂಡು ಕೂತಿದ್ದಳು. ಮಾವ ಅಂಗಳದ ಬಿಸಿಲಲ್ಲಿ ಕೂತು, ಎಂದಿನಂತೆ ಇಬ್ಬರ ಪರವಾಗಿ ಸುಮ್ಮನಿದ್ದ. ಅಕ್ಕ ದನಿ ತಗ್ಗಿಸಿ ಕೇಳಿದಳು:

"ತಮ್ಮಾ, ಒಂದ ಮಾತ ಕೇಳ್ಲೇನು? ಕೊಬ್ಬರಿ ತಿಂದಿ, ಗೊತ್ತೈತಿ. ಉತ್ತತ್ತಿನೂ ತಿಂದಿ. ಅರಿಷಿಣ ಏನ ಮಾಡಿದಿ?"

"ಹೂತ್ನಿ. ಹೊಲದ ಬದುವಿನ್ಯಾಗ."

"ಬೆಳಿ ಛಲೋ ಬಂತೇನು?"

ನಾನು ಹಲಗೆಯ ಅಂಚು ಉಜ್ಜುತ್ತ ಕೂತೆ.

"ಅಕ್ಕಿ?" ಎಂದಳು. "ಹಸಿ ಅಕ್ಕಿ ತಿನ್ನಾಕ ಆಗಂಗಿಲ್ಲ. ನೀ ಚೆಲ್ಲಾವನೂ ಅಲ್ಲ. ಇಷ್ಟ ವರ್ಷ ಯೋಚನಿ ಮಾಡೀನಿ, ಹೊಳೀವಲ್ದು."

ಹೇಳಿದೆ. ಅಕ್ಕಿಯನ್ನು ಚೆಲ್ಲಲು ಕೈ ಬರಲಿಲ್ಲ. ಹೆಗಲ ವಲ್ಲಿಯ ತುದಿಗೆ ಕಟ್ಟಿಕೊಂಡು ಊರಿಗೆ ತಂದು ಅಟ್ಟದ ಮೇಲೆ ಬಚ್ಚಿಟ್ಟೆ. ನಾಲ್ಕು ದಿನಕ್ಕೆ ನನ್ನ ಹೆಂಡತಿಯ ಕುಬಸ. ಉಡಿಗೆ ಅಕ್ಕಿ ಕಡಿಮೆ ಬಿತ್ತೆಂದು ಅವ್ವ ಪೇಚಾಡಿದಳು. ಪೇಟೆಯಿಂದ ತಂದೆ ಎಂದು ಸುಳ್ಳು ಹೇಳಿ ಕೊಟ್ಟೆ. ನನ್ನ ಮಗ ಶಾಣ್ಯಾ ಎಂದು ಅವ್ವ ನನ್ನ ಗಲ್ಲ ನೇವರಿಸಿದಳು. ಅಕ್ಕಾ, ನಿನ್ನ ಹೆಸರಿನಲ್ಲಿ ಎತ್ತಿಟ್ಟ ಅಕ್ಕಿಯನ್ನು ಅದೇ ಕೈಯಿಂದ ನನ್ನ ಹೆಂಡತಿಯ ಉಡಿಯ ಮೊರಕ್ಕೆ ಸುರಿದಳು. ನಿನಗೆ ತುಂಬಿದರೆ ಕೇಡು ಎಂದು ಹೆದರಿದವನು ಆ ಅಕ್ಕಿಗೆ ಹೆದರಲಿಲ್ಲ. ಅತ್ತೆ ಬದುಕಿರುವ ತನಕ ಅವಳ ಮಾತನ್ನೇ ನೆವ ಮಾಡಿಕೊಂಡು ಬದುಕಿದೆ.

ಇದನ್ನು ಹೇಳುವಾಗ ತಲೆ ಎತ್ತಲಿಲ್ಲ. ಅಕ್ಕ ಗೋಡೆಯತ್ತ ಮುಖ ತಿರುಗಿಸಿದಳು. ಆ ಹಳೆಯ ಸುಮ್ಮನಿರುವಿಕೆ ತಿರುಗಿ ಬಂತೇ ಎಂದು ಹೆದರಿದೆ. ಆಮೇಲೆ ಹಲಗೆ ಅಲುಗಾಡತೊಡಗಿತು. ನಗುತ್ತಿದ್ದಳು.

"ಅದಕ್ಕ ಅನ್ನು," ಎಂದಳು ಕಣ್ಣೊರೆಸಿಕೊಂಡು. "ನಿನ್ನ ಮಗಳು ನಿನ್ನಂಗ ಒಳಗ ಮುಚ್ಚಿಡಾಕಿ ಆಗಲಿಲ್ಲ, ನಿನ್ನ ಹೇಣ್ತಿಯಂಗ ಮೆತ್ತಗ ಆಗಲಿಲ್ಲ. ಕುಂತಲ್ಲೆ ಊರ ನಗಸ್ತಾಳ. ಎಲ್ಲಿಂದ ಬಂತ ಈ ಬಾಯಿ ಅಂತಿದ್ನಿ. ನನ್ನ ಉಡ್ಯಾಗಿಂದ ಹೋಗೇತಿ. ಅರ್ಧ ನನ್ನ ಮಗಳಪಾ ಆಕಿ."

ನನ್ನ ಮಗಳನ್ನು ಗಂಗಾವತಿ ಕಡೆ, ನವಲಿಗೆ ಕೊಟ್ಟಿದ್ದೇವೆ. ಭತ್ತದ ಸೀಮೆ. "ಆಕಿನ್ನ ಕರಿಸು," ಎಂದಳು ಅಕ್ಕ. "ಅಕ್ಕಿ ತೊಗೊಂಡ ಬಾ ಅನ್ನು. ನಿಂದು ಬ್ಯಾಡ, ಆಕಿ ಹೊಲದ್ದು."

ಮಗಳು ಬಂದಳು. ಯಾಕೆಂದು ಕೇಳಲಿಲ್ಲ. ಸೋದರತ್ತೆ ಕರೆದರೆ ಅವಳಿಗೆ ಹಬ್ಬ. ತನ್ನ ಹೊಲದ ಹೊಸ ಅಕ್ಕಿಯನ್ನು ಮೊರದಲ್ಲಿ ಹಿಡಿದು ಎದುರಿಗೆ ಕೂತಳು. ಅಕ್ಕ ಹಸಿರು ಸೀರೆ ಉಟ್ಟು, ಸೆರಗು ಒಡ್ಡಿ, ಮಂಜುಗಣ್ಣನ್ನು ಅರಳಿಸಿ ಒಂದೊಂದು ಹಿಡಿಯನ್ನೂ ಎಣಿಸಿದಳು. ಬಾಗಿಲಲ್ಲಿ ನೋಡುತ್ತ ನಿಂತಿದ್ದ ಓಣಿಯ ಹೆಂಗಸರಲ್ಲಿ ಒಬ್ಬರೂ ಉಡಕಿಯ ಮಾತೆತ್ತಲಿಲ್ಲ. ಐದು ಹಿಡಿ ಬಿದ್ದ ಮೇಲೆ ಮಗಳು ಕೊಬ್ಬರಿ ಬಟ್ಟಲುಗಳನ್ನು ಎತ್ತಿಕೊಂಡಳು. ನಾನು ಅವಳ ಹಿಂದೆ, ಬೆಲ್ಲದ ತಟ್ಟೆ ಹಿಡಿದು, ಕಣ್ಣು ಒದ್ದೆಯಾಗಿ ನಿಂತಿದ್ದೆ.

ಅಕ್ಕ ಸೆರಗನ್ನು ಎರಡೂ ಕೈಯಿಂದ ಬಿಗಿಯಾಗಿ ಹಿಡಿದು ಅವಳಿಗೆ ಹೇಳಿದಳು:

"ಜಲ್ದಿ ಹಾಕವ್ವಾ. ಹಿಂದ ನಿಮ್ಮಪ್ಪ ನಿಂತಾನ."